ಗರ್ಭಿಣಿಯರಲ್ಲಿ ರಕ್ತದ ಸಕ್ಕರೆ: ತಾವರಗೇರಾ ಸೀಮೆಯ ಒಕ್ಕಲು ಮನೆಗಳವರು ತಿಳಿಯತಕ್ಕ ಕೆಲವು ವಿಷಯಗಳು

ಬೀಜ, ಗೊಬ್ಬರ, ದನಕರು, ಮಳೆ ಬೆಳೆಗಳ ವಿಷಯಗಳೇ ಹೆಚ್ಚಾಗಿ ಅಚ್ಚಾಗುವ ಈ ಪತ್ರಿಕೆಯಲ್ಲಿ ಗರ್ಭಿಣಿ ಸ್ತ್ರೀಯರಿಗೆ ಬರುವ ವ್ಯಾಧಿಯೊಂದನ್ನು ಕುರಿತು ಬರೆಯುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ವ್ಯಾಧಿಯ ಉಪಚಾರದಲ್ಲಿ ಬಹುಭಾಗವು ಊಟದ ತಾಟಿನಲ್ಲಿಯೇ ಇರುವುದು. ತಾಟಿಗೆ ಬರುವ ಧಾನ್ಯವಾದರೋ ಹೊಲದಿಂದ ಬರತಕ್ಕದ್ದು. ಆದುದರಿಂದ ಯಾವ ಧಾನ್ಯವನ್ನು ಬೆಳೆಯಬೇಕು, ಬೆಳೆದುದರಲ್ಲಿ ಎಷ್ಟನ್ನು ಮಾರಬೇಕು, ಎಷ್ಟನ್ನು ಮನೆಯ ಖರ್ಚಿಗೆ ಇಟ್ಟುಕೊಳ್ಳಬೇಕು ಎಂದು ಆಲೋಚಿಸುವ ಒಕ್ಕಲಿಗನಿಗೂ ಈ ವಿಷಯಕ್ಕೂ ನೇರವಾದ ಸಂಬಂಧವುಂಟು.

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿಗೆ ಸೇರಿದ ತಾವರಗೇರಾ ಮತ್ತು ಅದರ ಸುತ್ತಣ ಹಳ್ಳಿಗಳು ಬಹುತೇಕ ಮಳೆಯನ್ನೇ ನಂಬಿದ ಪ್ರದೇಶವು. ಸಜ್ಜೆ, ಜೋಳ, ತೊಗರಿ, ಹೆಸರು, ಕಡಲೆ, ಶೇಂಗಾ, ಇವು ಇಲ್ಲಿಯ ಹಳೆಯ ಬೆಳೆಗಳು. ದಕ್ಷಿಣಕ್ಕೆ ಗಂಗಾವತಿಯ ಕಡೆಗೆ ಹೋದರೆ ನೋಟವೇ ಬೇರೆಯಾಗುವುದು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಆ ಸೀಮೆಗೆ ಹರಿದ ಮೇಲೆ ಅದು ಭತ್ತದ ಕಣಜವೆನಿಸಿಕೊಂಡಿತು. ಹಬ್ಬ ಹುಣ್ಣಿವೆಗಳಲ್ಲಿ ಮಾತ್ರ ಅನ್ನವನ್ನು ಕಾಣುತ್ತಿದ್ದ ಒಣಭೂಮಿಯ ಮನೆಗಳಿಗೂ ಅಕ್ಕಿಯು ಕ್ರಮೇಣ ನಿತ್ಯದ ವಸ್ತುವಾಯಿತು. ೨೦೧೩ರಲ್ಲಿ ಅನ್ನಭಾಗ್ಯ ಯೋಜನೆಯು ಆರಂಭವಾದಂದಿನಿಂದ ಪಡಿತರದ ಅಕ್ಕಿಯು ಬಡವರ ಹಸಿವನ್ನು ನೀಗಿರುವುದರಲ್ಲಿ ಸಂಶಯವಿಲ್ಲ. ಅದನ್ನು ಹಳಿಯುವುದು ಈ ಲೇಖಕನ ಉದ್ದೇಶವಲ್ಲ. ಆದರೆ ರೊಟ್ಟಿಯ ಸ್ಥಾನವನ್ನು ಅನ್ನವು ಎರಡೂ ಹೊತ್ತು ಆಕ್ರಮಿಸಿದ ಮನೆಗಳಲ್ಲಿ ಗರ್ಭಿಣಿಯ ಶರೀರಕ್ಕೆ ಏನಾಗಬಹುದೆಂಬುದನ್ನು ತಿಳಿದುಕೊಳ್ಳುವುದು ಅವಶ್ಯಕವು.

ವ್ಯಾಧಿಯ ಸ್ವರೂಪ

ನಾವು ತಿನ್ನುವ ರೊಟ್ಟಿ, ಅನ್ನ, ಬೆಲ್ಲ, ಹಣ್ಣು ಮೊದಲಾದವುಗಳಲ್ಲಿರುವ ಪಿಷ್ಟ ಮತ್ತು ಸಿಹಿಯ ಅಂಶವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುವುದು. ರಕ್ತದಲ್ಲಿ ಸಕ್ಕರೆ ಇದ್ದ ಮಾತ್ರಕ್ಕೆ ಶರೀರಕ್ಕೆ ಅದು ದಕ್ಕಿತೆಂದು ತಿಳಿಯಕೂಡದು. ಕೆರೆ ತುಂಬಿದ್ದರೂ ತೂಬನ್ನು ಎತ್ತದಿದ್ದರೆ ಗದ್ದೆಗೆ ನೀರು ಹೇಗೆ ಹರಿಯದೋ ಹಾಗೆಯೇ, ರಕ್ತದಲ್ಲಿನ ಸಕ್ಕರೆಯು ಮಾಂಸಖಂಡಗಳೊಳಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ರಸವು ಬೇಕು. ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇದನ್ನು ಉತ್ಪತ್ತಿ ಮಾಡುವುದು.

ಗರ್ಭ ನಿಂತ ಮೇಲೆ ಶಿಶುವಿಗೆ ಆಹಾರವನ್ನು ಒದಗಿಸುವ ಮಾಸು ಬೆಳೆಯುತ್ತ ಹೋಗುವುದು. ನಮ್ಮ ಕಡೆ ಇದನ್ನು ‘ಕಸ’ವೆಂದು ಕರೆಯುತ್ತಾರೆ, ಹೆಸರು ಹಾಗಿದ್ದರೂ ಗರ್ಭದಲ್ಲಿ ಇದಕ್ಕಿಂತ ದುಡಿಯುವ ಅಂಗವು ಮತ್ತೊಂದಿಲ್ಲ. ಈ ಮಾಸು ಕೆಲವು ರಸಗಳನ್ನು ತಾಯಿಯ ರಕ್ತಕ್ಕೆ ಬಿಡುವುದು. ಅವು ಇನ್ಸುಲಿನ್ನಿನ ಬಲವನ್ನು ಕುಗ್ಗಿಸುವುವು. ಇದು ಪ್ರಕೃತಿಯ ಒಂದು ಉಪಾಯವು. ತಾಯಿಯ ರಕ್ತದಲ್ಲಿ ಸಕ್ಕರೆಯು ಊಟದ ನಂತರ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಶಿಶುವಿಗೆ ಅದರ ಪಾಲು ಸರಿಯಾಗಿ ದೊರೆಯುವುದಷ್ಟೆ. ಆರೋಗ್ಯವಂತಳಾದ ಸ್ತ್ರೀಯ ಮೇದೋಜೀರಕವು ಆಗ ಎಂದಿಗಿಂತಲೂ ಹೆಚ್ಚಾಗಿ ಇನ್ಸುಲಿನ್ನನ್ನು ಸುರಿಸಿ ಲೆಕ್ಕವನ್ನು ಸರಿದೂಗಿಸುವುದು. ಯಾರಲ್ಲಿ ಆ ಶಕ್ತಿಯು ಸಾಲದೋ ಅವರಲ್ಲಿ ಸಕ್ಕರೆಯು ಮಿತಿಮೀರಿ ಏರುವುದು. ಇದಕ್ಕೆ ಗರ್ಭಕಾಲದ ಮಧುಮೇಹವೆಂದು ಹೆಸರು. ಮಾಸಿನ ಪ್ರಭಾವವು ತಿಂಗಳು ತುಂಬಿದಂತೆ ಏರುವುದರಿಂದ ಈ ವ್ಯಾಧಿಯು ಆರನೆಯ ತಿಂಗಳ ಸುಮಾರಿಗೆ ಹೆಚ್ಚಾಗಿ ಪ್ರಕಟವಾಗುವುದು.

ಮೊದಲೇ ಮಧುಮೇಹವಿದ್ದು, ಅದು ತಿಳಿಯದೆಯೇ ಗರ್ಭವತಿಯಾಗುವ ಸ್ತ್ರೀಯರೂ ಉಂಟು. ಅವರ ಸಂಗತಿಯು ಇನ್ನೂ ಗಂಭೀರವಾದುದು. ಯಾತಕ್ಕೆಂದರೆ ಮೊದಲ ಎಂಟು ಹತ್ತು ವಾರಗಳಲ್ಲಿ ಶಿಶುವಿನ ಹೃದಯ, ಬೆನ್ನುಹುರಿ ಮೊದಲಾದ ಅಂಗಗಳು ರೂಪುಗೊಳ್ಳುವಾಗ ಸಕ್ಕರೆಯು ಹೆಚ್ಚಾಗಿದ್ದರೆ ಆ ಅಂಗಗಳಲ್ಲಿಯೇ ಊನವುಂಟಾಗಬಹುದು. ಮಧುಮೇಹವಿದೆಯೆಂದು ತಿಳಿದವರು ಗರ್ಭ ಧರಿಸುವುದಕ್ಕೆ ಮುಂಚೆಯೇ ವೈದ್ಯರನ್ನು ಕಾಣತಕ್ಕದ್ದು.

ಇದರ ಲಕ್ಷಣಗಳೇನೆಂದು ಕೇಳಿದರೆ, ಬಹುಮಟ್ಟಿಗೆ ಯಾವುವೂ ಇಲ್ಲವೆಂದೇ ಹೇಳಬೇಕು. ದಾಹ, ಆಯಾಸ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವುದು, ಇವು ಎಲ್ಲ ಗರ್ಭಿಣಿಯರಲ್ಲಿಯೂ ಕಾಣತಕ್ಕವೇ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ ಸಕ್ಕರೆ ಬೇನೆಯುಂಟೆಂದೂ, ಮುತ್ತದಿದ್ದರೆ ಇಲ್ಲವೆಂದೂ ಹಿರಿಯರು ಹೇಳುವುದುಂಟು. ಗರ್ಭಿಣಿಯ ವಿಷಯದಲ್ಲಿ ಈ ಪರೀಕ್ಷೆಯು ಎರಡೂ ಕಡೆಗೆ ಮೋಸಮಾಡುವುದು. ಗರ್ಭಕಾಲದಲ್ಲಿ ಮೂತ್ರಪಿಂಡಗಳು ರಕ್ತದ ಸಕ್ಕರೆಯು ಸರಿಯಾಗಿದ್ದಾಗಲೂ ಕೊಂಚ ಸಕ್ಕರೆಯನ್ನು ಹೊರಗೆ ಬಿಡಬಹುದು; ರಕ್ತದಲ್ಲಿ ಅಪಾಯಕರವಾಗಿ ಏರಿದ್ದಾಗಲೂ ಕೆಲವೊಮ್ಮೆ ಮೂತ್ರದಲ್ಲಿ ಕಾಣದೆ ಹೋಗಬಹುದು. ರಕ್ತಪರೀಕ್ಷೆಯ ವಿನಾ ಅನ್ಯ ಮಾರ್ಗವಿಲ್ಲ.

ಶಿಶುವಿಗೂ ತಾಯಿಗೂ ಆಗುವ ಕೇಡು

ತಾಯಿಯ ಸಕ್ಕರೆಯು ಮಾಸನ್ನು ದಾಟಿ ಶಿಶುವಿಗೆ ಹೋಗುವುದು. ಆದರೆ ತಾಯಿಯ ಇನ್ಸುಲಿನ್ ದಾಟಲಾರದು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯ ಪೆಡರ್ಸನ್ನರು ೧೯೫೦ರ ದಶಕದಲ್ಲಿ ಈ ಅಂಶವನ್ನು ವಿಶದಪಡಿಸಿದರು. ಅತಿಯಾಗಿ ಬಂದ ಸಕ್ಕರೆಯನ್ನು ಅರಗಿಸಲು ಶಿಶುವಿನ ಪುಟ್ಟ ಮೇದೋಜೀರಕವೇ ದುಡಿದು ತನ್ನದೇ ಇನ್ಸುಲಿನ್ನನ್ನು ಹೇರಳವಾಗಿ ಉತ್ಪತ್ತಿಮಾಡುವುದು. ಇದರಿಂದ ಶಿಶುವು ಮೇದಸ್ಸನ್ನು ಶೇಖರಿಸಿಕೊಂಡು ದಪ್ಪನಾಗುವುದು. ‘ಕೂಸು ಗುಂಡಗಿದೆ’ ಎಂದು ಮನೆಯವರು ಸಂತೋಷಪಡುವರು. ಆದರೆ ಹೆರಿಗೆಯಲ್ಲಿ ತಲೆ ಬಂದ ಮೇಲೆ ಭುಜವು ಸಿಕ್ಕಿಕೊಳ್ಳಬಹುದು, ಶಸ್ತ್ರಕ್ರಿಯೆಯು ಬೇಕಾಗಬಹುದು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕೂಡಲೆ ತಾಯಿಯಿಂದ ಬರುತ್ತಿದ್ದ ಸಕ್ಕರೆಯು ನಿಲ್ಲುವುದು, ಶಿಶುವಿನ ಇನ್ಸುಲಿನ್ ಮಾತ್ರ ಹಾಗೆಯೇ ಇರುವುದು. ಆಗ ಶಿಶುವಿನ ರಕ್ತದ ಸಕ್ಕರೆಯು ಹಠಾತ್ತಾಗಿ ಕುಸಿದು ಸೆಳೆತ ಬರುವುದೂ ಉಂಟು. ತಾಯಿಗೆ ರಕ್ತದ ಒತ್ತಡವೇರುವುದು, ಗರ್ಭದ ನೀರು ಅತಿಯಾಗುವುದು, ಕೊನೆಯ ತಿಂಗಳಲ್ಲಿ ಶಿಶುವು ಒಳಗೇ ತೀರಿಕೊಳ್ಳುವುದು, ಇವು ಉಪಚಾರವಿಲ್ಲದ ಸಂದರ್ಭಗಳಲ್ಲಿ ಹೆಚ್ಚು. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಇನ್ಸುಲಿನ್ನಿನ ಶೋಧವಾಗುವುದಕ್ಕೆ ಮುಂಚೆ, ಮಧುಮೇಹವಿದ್ದ ಸ್ತ್ರೀಯು ಗರ್ಭಿಣಿಯಾಗುವುದೆಂದರೆ ತಾಯಿ ಮಗುವಿಬ್ಬರ ಪ್ರಾಣದ ಆಸೆಯನ್ನೂ ಬಿಟ್ಟಂತೆಯೇ ಇತ್ತು.

ಎಷ್ಟು ಸಕ್ಕರೆಗೆ ಎಷ್ಟು ಕೇಡು ಎಂಬುದನ್ನು ಅಳೆಯಲು ಒಂಬತ್ತು ದೇಶಗಳಲ್ಲಿ ಸುಮಾರು ೨೫,೦೦೦ ಗರ್ಭಿಣಿಯರನ್ನು ಪರೀಕ್ಷಿಸಿ, ೨೦೦೮ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಇಲ್ಲಿಯವರೆಗೆ ಕ್ಷೇಮ, ಇಲ್ಲಿಂದಾಚೆಗೆ ಅಪಾಯ ಎಂಬ ಖಚಿತವಾದ ಗೆರೆಯು ದೊರೆಯಲಿಲ್ಲ. ಸಕ್ಕರೆಯು ಏರಿದಷ್ಟೂ ಕೇಡು ಏರುತ್ತಲೇ ಹೋಗುವುದೆಂದು ತಿಳಿದುಬಂದಿತು. ಅದಕ್ಕೂ ಮುಂಚೆ ೨೦೦೫ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಸಮಾಧಾನಕರವಾದ ವರ್ತಮಾನವು ಬಂದಿತ್ತು. ಪಥ್ಯ, ಸಕ್ಕರೆಯ ಪರೀಕ್ಷೆ, ಅವಶ್ಯವಿದ್ದಲ್ಲಿ ಇನ್ಸುಲಿನ್, ಇಷ್ಟನ್ನು ಒದಗಿಸಿದಾಗ ಶಿಶುವಿಗೆ ಒದಗುವ ಗಂಭೀರ ವಿಪತ್ತುಗಳು ನೂರಕ್ಕೆ ೪ರಿಂದ ೧ಕ್ಕೆ ಇಳಿದವು.

ಮೈಸೂರಿನ ಶೋಧನೆಗಳು

ಈ ವಿಷಯದಲ್ಲಿ ಪ್ರಪಂಚವು ಗಮನಿಸಿದ ಕೆಲಸವೊಂದು ನಮ್ಮ ನಾಡಿನಲ್ಲಿಯೇ ನಡೆದಿರುವುದನ್ನು ಬಹಳ ಜನರು ತಿಳಿಯರು. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಜನರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದಲೂ ಹುಟ್ಟಿದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಹೀಗೆ ಬರೆದ ದಾದಿಯರಿಗೆ ಅದರಿಂದ ಮುಂದೆ ಏನು ಪ್ರಯೋಜನವಾದೀತೆಂಬ ಕಲ್ಪನೆಯೂ ಇದ್ದಿರಲಾರದು. ಲೆಕ್ಕವನ್ನು ಮಾತ್ರ ನಿಷ್ಠೆಯಿಂದ ಇಟ್ಟರು. ಅರ್ಧ ಶತಮಾನದ ಮೇಲೆ, ಆ ಪುಸ್ತಕಗಳಲ್ಲಿ ಹೆಸರಿದ್ದ ಸುಮಾರು ಐದುನೂರು ಮಂದಿಯನ್ನು ಹುಡುಕಿ ಅವರ ರಕ್ತವನ್ನು ಪರೀಕ್ಷಿಸಿದರು. ಅಷ್ಟು ಹೊತ್ತಿಗೆ ಅವರು ನಡುವಯಸ್ಸನ್ನು ತಲಪಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯೆ ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಇದರ ಫಲವನ್ನು ಪ್ರಕಟಿಸಿದರು. ನೂರಕ್ಕೆ ೧೫ ಮಂದಿಗೆ ಮಧುಮೇಹವಿದ್ದಿತು. ಯುರೋಪಿನಲ್ಲಿ ಕಡಿಮೆ ತೂಕದಿಂದ ಹುಟ್ಟಿದವರಿಗೆ ಮುಂದೆ ಮಧುಮೇಹವು ಹೆಚ್ಚೆಂದು ಕಂಡುಬಂದಿದ್ದರೆ, ಇಲ್ಲಿ ಗಿಡ್ಡಗಿದ್ದು ಉದ್ದಕ್ಕೆ ಮೀರಿ ದಪ್ಪನಾಗಿ ಹುಟ್ಟಿದವರಿಗೆ ಅದು ಹೆಚ್ಚಾಗಿತ್ತು. ಅವರ ತಾಯಂದಿರೂ ಭಾರವಾದ ಶರೀರದವರಾಗಿದ್ದರು. ಆ ತಾಯಂದಿರಿಗೆ ಗರ್ಭಕಾಲದಲ್ಲಿ ಸಕ್ಕರೆಯು ಏರಿದ್ದಿರಬಹುದೆಂದು ಶೋಧಕರು ಊಹಿಸಿದರು.

ಊಹೆಯನ್ನು ಒರೆಗೆ ಹಚ್ಚಲು ಅದೇ ಆಸ್ಪತ್ರೆಯಲ್ಲಿ ೧೯೯೭–೯೮ರಲ್ಲಿ ೮೩೦ ಗರ್ಭಿಣಿಯರನ್ನು ಆರಿಸಿಕೊಂಡು ಹೊಸ ಶೋಧನೆಯನ್ನು ಆರಂಭಿಸಿದರು. ಪರೀಕ್ಷೆಯು ಪೂರ್ತಿಯಾದವರಲ್ಲಿ ನೂರಕ್ಕೆ ೬ಕ್ಕಿಂತ ಕೊಂಚ ಹೆಚ್ಚು ಮಂದಿಗೆ ಗರ್ಭಕಾಲದ ಮಧುಮೇಹವಿದ್ದಿತು. ಅವರ ಶಿಶುಗಳು ತೂಕದಲ್ಲಿಯೂ ಮೇದಸ್ಸಿನಲ್ಲಿಯೂ ಮಿಕ್ಕವರ ಶಿಶುಗಳಿಗಿಂತ ಹೆಚ್ಚಿನವಾಗಿದ್ದುವು. ಶೋಧಕರು ಅಷ್ಟಕ್ಕೇ ನಿಲ್ಲದೆ ಮಕ್ಕಳನ್ನು ವರ್ಷವರ್ಷವೂ ಕಂಡು ಅಳೆಯುತ್ತ ಹೋದರು. ವೈದ್ಯೆ ಕೃಷ್ಣವೇಣಿಯವರು ಈ ಕೆಲಸದ ಮುಂದಾಳುಗಳಲ್ಲೊಬ್ಬರು. ಐದು ವರ್ಷದ ವಯಸ್ಸಿನಲ್ಲಿ ಇಂಥ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಮೇದಸ್ಸು ಹೆಚ್ಚಾಗಿತ್ತು. ಒಂಬತ್ತೂವರೆ ವರ್ಷದ ಹೊತ್ತಿಗೆ ಈ ಮಕ್ಕಳಲ್ಲಿ ಇನ್ಸುಲಿನ್ನಿಗೆ ಶರೀರವು ಮಣಿಯದಿರುವ ಚಿಹ್ನೆಗಳೂ ಕಂಡುವು. ತಾಯಂದಿರ ಸಂಗತಿಯೋ ಇನ್ನೂ ಕಠಿಣವಾಗಿತ್ತು. ಹೆರಿಗೆಯಾಗಿ ಐದು ವರ್ಷಗಳೊಳಗಾಗಿ ಗರ್ಭಕಾಲದ ಮಧುಮೇಹವಿದ್ದವರಲ್ಲಿ ನೂರಕ್ಕೆ ೩೭ ಮಂದಿಗೆ ಶಾಶ್ವತವಾದ ಮಧುಮೇಹವು ಬಂದಿತ್ತು. ಉಳಿದವರಲ್ಲಿ ನೂರಕ್ಕೆ ೨ ಮಂದಿಗೆ ಮಾತ್ರ. ಪರೀಕ್ಷಿಸಲ್ಪಟ್ಟ ತಾಯಂದಿರ ಸಂಖ್ಯೆಯು ದೊಡ್ಡದಲ್ಲವಾದರೂ, ಎರಡು ಗುಂಪುಗಳ ಅಂತರವು ಇಷ್ಟಾಗಿರುವಾಗ ಅದನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ.

ಇದೇ ಶೋಧನೆಯಲ್ಲಿ ಇನ್ನೊಂದು ಅಂಶವೂ ಬೆಳಕಿಗೆ ಬಂದಿತು. ಆ ಗರ್ಭಿಣಿಯರಲ್ಲಿ ನೂರಕ್ಕೆ ೪೩ ಮಂದಿಗೆ ಬಿ-೧೨ ಎಂಬ ಜೀವಸತ್ವವು ಕಡಿಮೆಯಾಗಿತ್ತು, ಮತ್ತು ಅಂಥವರಲ್ಲಿ ಗರ್ಭಕಾಲದ ಮಧುಮೇಹವು ಹೆಚ್ಚಾಗಿ ಕಂಡಿತು. ಒಂದರಿಂದಲೇ ಮತ್ತೊಂದು ಬಂದಿತೆಂದು ಹೇಳುವಷ್ಟು ಪುರಾವೆಯಿಲ್ಲ. ಆದರೂ ಈ ಜೀವಸತ್ವವು ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ದೊರೆಯತಕ್ಕದ್ದಾದುದರಿಂದ, ಶಾಕಾಹಾರಿಗಳಾದ ಮನೆಗಳಲ್ಲಿ ಹಾಲನ್ನೆಲ್ಲ ಡೇರಿಗೆ ಹಾಕಿ ಗರ್ಭಿಣಿಗೆ ಕರಿ ಚಹಾ ಕೊಡುವ ಪದ್ಧತಿಯು ಸರಿಯಲ್ಲವೆಂದು ಹೇಳದೆ ವಿಧಿಯಿಲ್ಲ.

‘ಮೈಸೂರು ಪಟ್ಟಣವು, ನಮ್ಮದು ಹೊಲದಲ್ಲಿ ದುಡಿಯುವ ಸೀಮೆ, ನಮ್ಮ ಹೆಣ್ಣುಮಕ್ಕಳಿಗೆ ಶ್ರೀಮಂತರ ಬೇನೆ ಏಕೆ ಬಂದೀತು?’ ಎಂದು ಕೇಳುವವರಿರಬಹುದು. ೨೦೦೮ರಲ್ಲಿ ಪ್ರಕಟವಾದ ತಮಿಳುನಾಡಿನ ಶೋಧನೆಯೊಂದರಲ್ಲಿ ವೈದ್ಯ ಶೇಷಯ್ಯನವರೂ ಸಂಗಡಿಗರೂ ನಗರದಲ್ಲಿ ನೂರಕ್ಕೆ ೧೭.೮, ಹಳ್ಳಿಗಳಲ್ಲಿ ನೂರಕ್ಕೆ ೯.೯ ಗರ್ಭಿಣಿಯರಿಗೆ ಈ ವ್ಯಾಧಿಯಿರುವುದನ್ನು ಕಂಡರು. ಹಳ್ಳಿಯಲ್ಲಿ ಕಡಿಮೆಯೆಂಬುದು ನಿಜವೇ. ಆದರೆ ಹತ್ತರಲ್ಲೊಬ್ಬಳೆಂದರೆ ಸಣ್ಣ ಸಂಖ್ಯೆಯೇನಲ್ಲ. ಅಲ್ಲದೆ ನಮ್ಮ ಜನರ ಶರೀರರಚನೆಯಲ್ಲಿಯೇ ಒಂದು ವಿಶೇಷವುಂಟು. ಪುಣೆಯ ವೈದ್ಯ ಯಾಜ್ಞಿಕರು ಅಲ್ಲಿಯ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿ, ನಮ್ಮವು ತೂಕದಲ್ಲಿ ಬಹಳ ಕಡಿಮೆಯಾಗಿದ್ದರೂ ಚರ್ಮದಡಿಯ ಮೇದಸ್ಸಿನಲ್ಲಿ ಅಷ್ಟೇನೂ ಕಡಿಮೆಯಿಲ್ಲವೆಂದು ತೋರಿಸಿದರು. ನೋಟಕ್ಕೆ ತೆಳ್ಳಗೆ ಕಂಡವಳು ಈ ಬೇನೆಗೆ ಹೊರಗಾದವಳೆಂದು ಭಾವಿಸತಕ್ಕದ್ದಲ್ಲ.

ಪರೀಕ್ಷೆಯ ಕ್ರಮ

ಭಾರತ ಸರ್ಕಾರವು ೨೦೧೪ರಲ್ಲಿ ಹೊರಡಿಸಿ ೨೦೧೮ರಲ್ಲಿ ತಿದ್ದಿದ ಸೂಚನೆಗಳ ಪ್ರಕಾರ ಪ್ರತಿಯೊಬ್ಬ ಗರ್ಭಿಣಿಗೂ ಎರಡು ಸಲ ಪರೀಕ್ಷೆಯಾಗಬೇಕು: ಆಸ್ಪತ್ರೆಗೆ ಮೊದಲ ಬಾರಿ ಹೋದಾಗ ಒಮ್ಮೆ, ಆಗ ಸರಿಯಾಗಿದ್ದರೆ ೨೪ರಿಂದ ೨೮ ವಾರಗಳ ಒಳಗೆ ಮತ್ತೊಮ್ಮೆ. ಪರೀಕ್ಷೆಯು ಬಹು ಸುಲಭವಾದುದು. ೭೫ ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು ೩೦೦ ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದು ಹತ್ತು ನಿಮಿಷಗಳಲ್ಲಿ ಕುಡಿಯತಕ್ಕದ್ದು. ಎರಡು ಗಂಟೆಗಳ ನಂತರ ರಕ್ತದ ಸಕ್ಕರೆಯನ್ನು ನೋಡುವರು. ೧೪೦ ಮಿಲಿಗ್ರಾಮಾಗಲಿ ಅದಕ್ಕೆ ಮೀರಿಯಾಗಲಿ ಇದ್ದರೆ ವ್ಯಾಧಿಯುಂಟೆಂದು ಎಣಿಸಿ ಉಪಚಾರವನ್ನು ಆರಂಭಿಸುವರು. ಇದಕ್ಕೆ ಉಪವಾಸವಿರಬೇಕಾದ್ದಿಲ್ಲ. ಬೆಳಗಿನ ಮೋಟಾರಿನಲ್ಲಿ ಹೊರಟು ಹಸಿದ ಹೊಟ್ಟೆಯಲ್ಲಿ ಕುಷ್ಟಗಿಗೆ ಹೋಗಿ ಮಧ್ಯಾಹ್ನದವರೆಗೆ ಕಾಯುವ ಕಷ್ಟವು ಇದರಿಂದ ತಪ್ಪಿದೆ. ನಮ್ಮ ಹಳ್ಳಿಗಳ ಸ್ಥಿತಿಯನ್ನು ಬಲ್ಲವರು ಮಾಡಿದ ಏರ್ಪಾಡೆಂದು ಈ ಲೇಖಕನ ಅಭಿಪ್ರಾಯವು. ಕುಡಿದ ಅರ್ಧ ಗಂಟೆಯೊಳಗಾಗಿ ವಾಂತಿಯಾದರೆ ಮರುದಿವಸ ಮತ್ತೆ ಪರೀಕ್ಷಿಸಬೇಕು.

ಪ್ರತಿ ತಿಂಗಳ ೯ನೆಯ ತಾರೀಖಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆಯು ೨೦೧೬ರಿಂದ ನಡೆಯುತ್ತಿದೆ. ತಾಯಿ ಕಾರ್ಡನ್ನು ಜೊತೆಗೆ ಒಯ್ದು, ಸಕ್ಕರೆಯ ಅಂಕವನ್ನು ಅದರಲ್ಲಿ ಬರೆಯಿಸಿಕೊಳ್ಳತಕ್ಕದ್ದು.

ಊಟದ ವಿಚಾರ

ಪರೀಕ್ಷೆಯಲ್ಲಿ ವ್ಯಾಧಿಯು ಕಂಡ ಬಹುಮಂದಿಗೆ ಔಷಧವೇ ಬೇಕಾಗುವುದಿಲ್ಲ. ಎರಡು ವಾರಗಳ ಕಾಲ ಪಥ್ಯವನ್ನು ಪಾಲಿಸಿ, ಊಟವಾಗಿ ಎರಡು ಗಂಟೆಗಳ ಮೇಲೆ ಸಕ್ಕರೆಯು ೧೨೦ಕ್ಕಿಂತ ಕಡಿಮೆಯಿದ್ದರೆ ಅದೇ ಸಾಕು. ಪಥ್ಯವೆಂದರೆ ಹೊಟ್ಟೆ ಕಟ್ಟುವುದೆಂದು ತಿಳಿದು ಅರೆಹೊಟ್ಟೆಯಲ್ಲಿರುವುದು ದೊಡ್ಡ ತಪ್ಪು. ಗರ್ಭಿಣಿಗೆ ಅನ್ನಾಹಾರವು ಪೂರ್ತಿಯಾಗಿ ಬೇಕು. ಅದನ್ನು ಮೂರು ಊಟ, ನಡುನಡುವೆ ಎರಡು ಮೂರು ಸಣ್ಣ ಉಪಾಹಾರಗಳಾಗಿ ಹಂಚಿಕೊಳ್ಳಬೇಕು. ವಾರದ ಒಪ್ಪತ್ತು, ಹಬ್ಬದ ಉಪವಾಸಗಳನ್ನು ಹೆರಿಗೆಯಾಗುವವರೆಗೆ ಮನೆಯ ಇತರರು ವಹಿಸಿಕೊಳ್ಳಬಹುದು.

ಒಣಭೂಮಿಯ ಒಕ್ಕಲಿಗನು ಇಲ್ಲಿ ತನ್ನ ಹೊಲದ ಬೆಲೆಯನ್ನು ಅರಿಯಬೇಕು. ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನ ಅಂಶವು ಸುಮಾರು ೩ ಗ್ರಾಂ, ಸಾರಜನಕಯುಕ್ತವಾದ ಪುಷ್ಟಿಯ ಅಂಶ, ಎಂದರೆ ಪ್ರೋಟೀನು, ಸುಮಾರು ೮ ಗ್ರಾಂ. ಜೋಳದಲ್ಲಿ ನಾರು ೧೦, ಪ್ರೋಟೀನು ೧೦. ಸಜ್ಜೆಯಲ್ಲಿ ನಾರು ೧೧, ಪ್ರೋಟೀನು ೧೧. ರಕ್ತವೃದ್ಧಿಗೆ ಬೇಕಾದ ಕಬ್ಬಿಣವು ಸಜ್ಜೆಯಲ್ಲಿ ೬ ಮಿಲಿಗ್ರಾಮಿಗೂ ಮೇಲ್ಪಟ್ಟಿದ್ದರೆ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ನಾರು ಹೆಚ್ಚಿದ್ದರೆ ಜೀರ್ಣವು ನಿಧಾನವಾಗಿ ಸಾಗಿ, ಸಕ್ಕರೆಯು ರಕ್ತಕ್ಕೆ ಒಮ್ಮೆಲೇ ನುಗ್ಗದೆ ಸೋಸಿದಂತೆ ಇಳಿಯುವುದು. ಹಾಗೆಂದು ಜೋಳ ಸಜ್ಜೆಗಳು ಮದ್ದಲ್ಲ. ಅವುಗಳಲ್ಲಿಯೂ ಬಹುಭಾಗವು ಪಿಷ್ಟವೇ ಆಗಿದೆ. ‘ರೊಟ್ಟಿಯಲ್ಲವೆ’ ಎಂದು ಒಂದೇ ಹೊತ್ತಿಗೆ ನಾಲ್ಕೈದನ್ನು ತಿಂದರೆ ಸಕ್ಕರೆಯು ಏರಿಯೇ ಏರುವುದು. ಇತ್ತೀಚೆಗೆ ಸಿರಿಧಾನ್ಯವನ್ನು ಎಷ್ಟು ತಿಂದರೂ ಬಾಧಕವಿಲ್ಲವೆಂದು ಹೇಳಿ ಮಾರುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ನುಣ್ಣನೆಯ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ ಕುಡಿಯುವುದಕ್ಕಿಂತ ರೊಟ್ಟಿ ತಿನ್ನುವುದೂ, ನುಚ್ಚು ಮಾಡಿ ಬೇಳೆಯೊಡನೆ ತಿನ್ನುವುದೂ ಮೇಲು.

ರೊಟ್ಟಿಯ ಸಂಗಡ ಏನಿದೆಯೆಂಬುದೇ ಮುಖ್ಯವು. ನಮ್ಮ ಸೀಮೆಯ ಹಳೆಯ ಊಟದಲ್ಲಿ ಈ ಜೋಡಣೆಯು ತಾನಾಗಿಯೇ ಇದ್ದಿತು: ಹೆಸರು, ಮಡಿಕೆ, ಹುರುಳಿ ಕಾಳುಗಳ ಪಲ್ಯ, ತೊಗರಿ ಬೇಳೆಯೊಡನೆ ಬೇಯಿಸಿದ ಪುಂಡಿ ಪಲ್ಯ, ಝುಣಕ, ಹಸಿ ಮೆಂತೆ, ಸೌತೆ, ಮೂಲಂಗಿ, ಉಳ್ಳಾಗಡ್ಡಿ, ಶೇಂಗಾ, ಗುರೆಳ್ಳು, ಅಗಸಿಗಳ ಹಿಂಡಿ, ಮೊಸರು. ಕಾಳುಗಳ ಪ್ರೋಟೀನೂ ಎಣ್ಣೆಬೀಜಗಳ ಜಿಡ್ಡೂ ಸೊಪ್ಪಿನ ನಾರೂ ಒಟ್ಟಿಗೆ ಹೋದಾಗ ಅದೇ ರೊಟ್ಟಿಯಿಂದ ಏರುವ ಸಕ್ಕರೆಯು ಕಡಿಮೆಯಾಗುವುದು. ಪಡಿತರದ ಅಕ್ಕಿಯನ್ನು ಬಿಡಬೇಕೆಂದೇನೂ ಇಲ್ಲ. ತಾಟಿನ ಕಾಲುಭಾಗವನ್ನು ಅನ್ನಕ್ಕೆ ಕೊಟ್ಟು, ಅರ್ಧವನ್ನು ಪಲ್ಯ ತರಕಾರಿಗಳಿಗೂ ಉಳಿದ ಕಾಲನ್ನು ಕಾಳು, ಬೇಳೆ, ಮೊಟ್ಟೆಗಳಿಗೂ ಮೀಸಲಿಟ್ಟರೆ ಸಾಕು. ನೀರುಸಾರಿನಲ್ಲಿ ಕಲಸಿದ ಅನ್ನವೇ ಊಟವಾಗುವುದು ಬಡತನದಲ್ಲಿ ಅನಿವಾರ್ಯವೆಂದು ಕೆಲವರು ಹೇಳುವರು. ಆದರೆ ಹೆಸರು, ಮಡಿಕೆ, ಹುರುಳಿಗಳನ್ನು ಬೆಳೆಯುವ ಮನೆಯಲ್ಲಿ ಸುಗ್ಗಿಯ ದಿನವೇ ಕಾಳೆಲ್ಲ ಪೇಟೆಗೆ ಹೋಗದಂತೆ, ಗರ್ಭಿಣಿಯಿರುವ ವರ್ಷವಾದರೂ, ಒಂದೆರಡು ಚೀಲವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಲ್ಲ.

ಸಕ್ಕರೆಗಿಂತ ಬೆಲ್ಲವು ನಿರಪಾಯವೆಂಬ ನಂಬಿಕೆಯು ಎಲ್ಲೆಲ್ಲಿಯೂ ಇದೆ. ಬೆಲ್ಲದಲ್ಲಿ ಕೊಂಚ ಲವಣಾಂಶಗಳಿರುವುದು ನಿಜ. ಆದರೆ ಬಹುಭಾಗವು ಸಕ್ಕರೆಯೇ, ರಕ್ತದಲ್ಲಿ ಅದರ ವರ್ತನೆಯೂ ಅದೇ. ದಿನಕ್ಕೆ ಐದಾರು ಸಲ ಕುಡಿಯುವ ಚಹಾದಲ್ಲಿ ಪ್ರತಿಯೊಂದಕ್ಕೂ ಎರಡು ಚಮಚದಂತೆ ಹೋಗುವ ಸಕ್ಕರೆಯನ್ನು ಯಾರೂ ಲೆಕ್ಕವಿಡುವುದಿಲ್ಲ. ಸಂಜೆಯ ಮಂಡಕ್ಕಿಯೂ ಅಕ್ಕಿಯೇ ಎಂಬುದನ್ನು ಮರೆಯಕೂಡದು. ಅದರ ಬದಲು ಹುರಿದ ಕಡಲೆ, ಶೇಂಗಾ, ಕುದಿಸಿದ ಕಾಳುಗಳಾಗಬಹುದು. ೨೦೧೭ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟವನ್ನು ಪಡೆಯುವವರು ತಮ್ಮ ವ್ಯಾಧಿಯನ್ನು ಕಾರ್ಯಕರ್ತೆಗೆ ತಿಳಿಸಿ, ಮೊಟ್ಟೆ, ಕಾಳು, ಹಾಲುಗಳನ್ನು ಬಿಡದೆ, ಚಿಕ್ಕಿಯ ವಿಷಯದಲ್ಲಿ ಮಾತ್ರ ಎಚ್ಚರದಿಂದಿರಬೇಕು.

ಇನ್ನು ಕುಬಸದ ಮಾತು. ಐದು ಅಥವಾ ಏಳನೆಯ ತಿಂಗಳಲ್ಲಿ ಹಸಿರು ಸೀರೆ ಬಳೆಗಳೊಡನೆ ಗರ್ಭಿಣಿಯನ್ನು ಸತ್ಕರಿಸುವ ಈ ಸಂಪ್ರದಾಯವು ಸುಂದರವಾದುದು. ಬಳಗದವರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಬಯಕೆ ತೀರಿಸುವರು. ಆದರೆ ಹೋಳಿಗೆ, ಕಡಬು, ಮಾದಲಿ, ಉಂಡಿಗಳು ವಾರಗಟ್ಟಲೆ ಮನೆ ತುಂಬುವ ಆ ಕಾಲವೇ ಮಾಸಿನ ರಸಗಳು ಇನ್ಸುಲಿನ್ನನ್ನು ಕುಗ್ಗಿಸುವ ಕಾಲವೂ ಆಗಿದೆ. ಸಂಪ್ರದಾಯವನ್ನು ನಿಲ್ಲಿಸಬೇಕಾದ್ದಿಲ್ಲ. ಕುಬಸದ ದಿನವನ್ನು ಗೊತ್ತುಮಾಡುವುದಕ್ಕೆ ಮುಂಚೆ ಸಕ್ಕರೆಯ ಪರೀಕ್ಷೆಯನ್ನು ಮಾಡಿಸಿ, ವ್ಯಾಧಿಯಿದ್ದಲ್ಲಿ ಶಾಸ್ತ್ರಕ್ಕೆ ಒಂದು ತುತ್ತು ಸಿಹಿಯನ್ನು ಬಾಯಿಗಿಟ್ಟು, ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕೋಸಂಬರಿ, ಹಿಂಡಿ, ಮೊಸರುಗಳನ್ನು ತರುವಂತೆ ಬೀಗರಿಗೆ ಮುಂದಾಗಿ ತಿಳಿಸಬಹುದು. ಅತ್ತೆಯಾದವಳು ಈ ಮಾತನ್ನು ಆಡಿದರೆ ಯಾರೂ ಮುನಿಯರು. ಸೊಸೆಯೇ ಆಡಬೇಕಾಗಿ ಬಂದರೆ ಅದು ನಡೆಯದು.

ನಡಿಗೆಯೂ ಉಪಚಾರವೇ. ಮಾಂಸಖಂಡಗಳು ದುಡಿಯುವಾಗ ಹೆಚ್ಚಿನ ಇನ್ಸುಲಿನ್ನಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುವುವು. ಕಳೆ ತೆಗೆಯುವ, ಕಟ್ಟಿಗೆ ನೀರು ಹೊರುವ ಸ್ತ್ರೀಗೆ ನಡಿಗೆಯನ್ನು ಬೋಧಿಸುವುದು ಹಾಸ್ಯಾಸ್ಪದವಾದೀತು. ಅವಳಿಗೆ ಬೇಕಾದುದು ವಿಶ್ರಾಂತಿ. ಆದರೆ ಮನೆಯಲ್ಲಿಯೇ ಇರುವವರು ಊಟದ ನಂತರ ಒಟ್ಟು ಅರ್ಧ ಗಂಟೆಯಷ್ಟು ನಿಧಾನವಾಗಿ ಅಡ್ಡಾಡುವುದು ಒಳ್ಳೆಯದು. ರಕ್ತಸ್ರಾವ, ಹೆಚ್ಚಿನ ರಕ್ತದೊತ್ತಡವಿದ್ದವರು ವೈದ್ಯರನ್ನು ಕೇಳದೆ ಯಾವುದನ್ನೂ ಮಾಡಕೂಡದು.

ಔಷಧ, ಮತ್ತು ಹೆರಿಗೆಯ ನಂತರ

ಪಥ್ಯದಿಂದ ಸಕ್ಕರೆಯು ಇಳಿಯದಿದ್ದಾಗ ವೈದ್ಯರು ಮೆಟ್‌ಫಾರ್ಮಿನ್ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ಕೊಡುವರು. ಇನ್ಸುಲಿನ್ ಹಿಡಿದರೆ ಜೀವಮಾನವೆಲ್ಲ ಬಿಡದೆಂಬ ಭಯವು ಬಹಳ ಮನೆಗಳಲ್ಲಿದೆ. ಗರ್ಭಕಾಲದ ಮಧುಮೇಹದಲ್ಲಿ ಮಾಸು ಹೊರಬಿದ್ದೊಡನೆ ಅದರ ರಸಗಳೂ ನಿಲ್ಲುವುದರಿಂದ, ಬಹುತೇಕ ಸ್ತ್ರೀಯರಿಗೆ ಹೆರಿಗೆಯ ದಿನವೇ ಇನ್ಸುಲಿನ್ ನಿಲ್ಲುವುದು. ಇನ್ಸುಲಿನ್ ಮಾಸನ್ನು ದಾಟದೆಂಬುದನ್ನು ಮೇಲೆ ಹೇಳಿದೆ. ಆದುದರಿಂದ ಶಿಶುವಿಗೆ ಅದರಿಂದ ಬಾಧಕವಿಲ್ಲ. ಶೀತಪೆಟ್ಟಿಗೆಯಿಲ್ಲದ ಮನೆಗಳಲ್ಲಿ ಔಷಧದ ಶೀಷೆಯನ್ನು ನೀರು ತಾಗದಂತೆ ಮುಚ್ಚಿ, ತಣ್ಣೀರಿನ ಮಣ್ಣಿನ ಗಡಿಗೆಯಲ್ಲಿಟ್ಟು ನೆರಳಿನಲ್ಲಿ ಇರಿಸಬಹುದು. ನಮ್ಮ ವೈಶಾಖದ ಬಿಸಿಲಿನಲ್ಲಿ ಕಿಟಕಿಯ ಬಳಿ ಇಟ್ಟ ಇನ್ಸುಲಿನ್ ಶಕ್ತಿಗುಂದುವುದು. ಇನ್ಸುಲಿನ್ ಪಡೆಯುವವಳಿಗೆ ಬೆವರು, ನಡುಕ, ಕಣ್ಣಿಗೆ ಕತ್ತಲೆ ಬಂದರೆ ಸಕ್ಕರೆಯು ಕುಸಿದಿದೆಯೆಂದು ತಿಳಿದು ಕೂಡಲೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕೊಟ್ಟು ಮಲಗಿಸತಕ್ಕದ್ದು. ಅದು ಸಿಕ್ಕದಿದ್ದರೆ ಸಕ್ಕರೆಯ ನೀರಾದರೂ ಆದೀತು. ಹೆಸರಿಲ್ಲದ ಪುಡಿ, ಲೇಹ್ಯಗಳನ್ನು ನಂಬಿ ಚುಚ್ಚುಮದ್ದನ್ನು ನಿಲ್ಲಿಸುವುದು ಶಿಶುವಿನ ಪ್ರಾಣದೊಡನೆ ಆಡಿದಂತೆಯೇ ಸರಿ.

ಇಂಥ ಹೆರಿಗೆಯು ಮನೆಯಲ್ಲಿ ಆಗತಕ್ಕದ್ದಲ್ಲ. ಶಸ್ತ್ರಕ್ರಿಯೆಗೆ ಅನುಕೂಲವಿರುವ ಆಸ್ಪತ್ರೆಯನ್ನು ಎಂಟನೆಯ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಹುಟ್ಟಿದ ಒಂದು ಗಂಟೆಯೊಳಗಾಗಿ ಶಿಶುವಿಗೆ ಮೊಲೆಯೂಡಿಸಿ, ಅದರ ರಕ್ತದ ಸಕ್ಕರೆಯನ್ನು ನೋಡಿಸಬೇಕು. ಜೇನು, ಸಕ್ಕರೆನೀರು ನೆಕ್ಕಿಸುವ ರೂಢಿಯು ಬೇಡ; ಮೊದಲ ಗಿಣ್ಣುಹಾಲಿಗೆ ಸಮನಾದುದಿಲ್ಲ.

ಬಾಣಂತಿತನದಲ್ಲಿ ಅಳವಿಯ ಪಾಯಸ, ಅಂಟಿನ ಉಂಡಿಗಳನ್ನು ಬೆಲ್ಲ ಕೊ­ಬ್ಬರಿಗಳೊಡನೆ ಹೊತ್ತುಹೊತ್ತಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ವ್ಯಾಧಿಯಿದ್ದವಳಿಗೆ ಅಳವಿಯನ್ನು ಹಾಲಿನಲ್ಲಿ ಬೆಲ್ಲವಿಲ್ಲದೆ ಕಾಯಿಸಿ ಕೊಡಬಹುದು; ಮೆಂತೆ, ಸಬ್ಬಸಿಗೆ, ಬೇಳೆಗಳು ಹಾಲೂಡುವ ತಾಯಿಗೆ ಹಿತಕರವಾದುವು. ಎದೆಹಾಲೂಡುವುದರಿಂದ ತಾಯಿಯ ಸಕ್ಕರೆಗೂ ಒಳ್ಳೆಯದೇ ಆಗುವುದು.

ಹೆರಿಗೆಯಾಗಿ ಆರು ವಾರಗಳಾದ ಮೇಲೆ ೭೫ ಗ್ರಾಂ ಗ್ಲೂಕೋಸಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಈ ಸಲ ಬರಿ ಹೊಟ್ಟೆಯಲ್ಲಿ. ಬರಿ ಹೊಟ್ಟೆಯ ಅಂಕವು ೧೨೬, ಎರಡು ಗಂಟೆಯ ಅಂಕವು ೨೦೦, ಇವುಗಳಲ್ಲಿ ಒಂದನ್ನು ಮುಟ್ಟಿದರೂ ಶಾಶ್ವತವಾದ ಮಧುಮೇಹವೆಂದು ತಿಳಿಯಬೇಕು. ಸರಿಯಾಗಿದ್ದವರು ವರ್ಷಕ್ಕೊಮ್ಮೆ ನೋಡಿಸಿಕೊಳ್ಳುತ್ತಿರಬೇಕು. ಮೈಸೂರಿನ ತಾಯಂದಿರ ಸಂಗತಿಯನ್ನು ಮೇಲೆ ವಿವರಿಸಿದೆ. ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚಾಗಿ ತಪ್ಪಿಹೋಗುವ ಪರೀಕ್ಷೆಯು ಇದೇ. ಕಾರಣವೂ ಸ್ಪಷ್ಟವಾಗಿದೆ. ಬಸಿರು ಗಂಡನ ಮನೆಯಲ್ಲಿ, ಬಾಣಂತಿತನ ತವರುಮನೆಯಲ್ಲಿ. ತಾವರಗೇರಾದ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರಿದ್ದವಳು ಆರನೆಯ ವಾರದಲ್ಲಿ ಯಲಬುರ್ಗಿಯ ಕಡೆಯ ಹಳ್ಳಿಯಲ್ಲೋ ಸಿಂಧನೂರಿನ ಕಡೆಯಲ್ಲೋ ಇರುವಳು. ಆದುದರಿಂದ ತವರಿಗೆ ಕಳುಹಿಸುವಾಗ ತಾಯಿ ಕಾರ್ಡನ್ನು ಗಂಟಿನಲ್ಲಿ ಮೊದಲು ಇಟ್ಟು, ಆರು ವಾರ ತುಂಬುವ ತಾರೀಖನ್ನು ಹೆರಿಗೆಯಾದೊಡನೆ ಅದರ ಮೇಲೆ ಬರೆಯಿಸಿ, ಆ ಊರಿನ ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸುವಂತೆ ತವರಿನ ತಾಯಿಗೆ ಹೇಳಿ ಕಳುಹಿಸತಕ್ಕದ್ದು.